ಜೈಲಲ್ಲಿ ಕೆಲಸ ಮಾಡೋ ಹುಡುಗ ಡ್ಯೂಟಿ ಮುಗಿದ್ಮೇಲೂ ಸೊಂಟದಲ್ಲಿ ಗನ್ ಇಟ್ಕೋಬಹುದಾ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು, ಈಗ ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿದೀವಿ. ನನ್ನ ಮೈದುನನ ಮಗ ಇಲ್ಲೇ ಹುಟ್ಟಿ ಬೆಳೆದವನು, ಹೋದ ವರ್ಷ ಫಾಲ್ಸಮ್ ಸ್ಟೇಟ್ ಪ್ರಿಸನ್‌ನಲ್ಲಿ ಕರೆಕ್ಷನಲ್ ಆಫೀಸರ್ ಆಗಿ ಸೇರಿದಾನೆ. ಊಟಕ್ಕೆ ಬಂದಾಗ್ಲೂ ಶರ್ಟಿನ ಕೆಳಗೆ ಪಿಸ್ತೂಲ್ ಇರತ್ತೆ. ಕೇಳಿದ್ರೆ "ದೊಡ್ಡಮ್ಮಾ, ನಾನು ಲಾ ಎನ್‌ಫೋರ್ಸ್‌ಮೆಂಟು, ಐವತ್ತು ಸ್ಟೇಟಲ್ಲೂ ನಡೆಯತ್ತೆ" ಅಂತಾನೆ. ನಮ್ಮ ಯಜಮಾನ್ರು "ಜೈಲಿನೋರು ಪೊಲೀಸ್ ಹೆಂಗಾಗ್ತಾರೆ, ಇದೆಲ್ಲ ಬರೀ ಬುರುಡೆ" ಅಂತಾರೆ. ಮುಂದಿನ ತಿಂಗಳು ಎಲ್ಲ ಸೇರಿ ಕಾರಲ್ಲಿ ಟಾಹೋಗೆ, ಅದಾದ್ಮೇಲೆ ಫ್ಲೈಟಲ್ಲಿ ನ್ಯೂಜೆರ್ಸಿಗೆ ಒಂದು ಮದುವೆಗೆ ಹೋಗೋದಿದೆ. ಮನೇಲಿ ಮಕ್ಕಳೂ ಇದಾರೆ. ಯಾರ ಮಾತು ಸರಿ?

ಉತ್ತರ: ಮೇಡಂ, ಹುಡುಗ ಹೇಳಿದ್ದು ಬುರುಡೆ ಏನಲ್ಲ, ಆದ್ರೆ ಅವನು ಹೇಳಿದಷ್ಟು ಸಲೀಸೂ ಅಲ್ಲ. ಕ್ಯಾಲಿಫೋರ್ನಿಯಾ ಒಳಗೆ ಅವನಿಗೆ ರಾಜ್ಯದ ಕಾನೂನೇ ದಾರಿ ಬಿಟ್ಟಿದೆ. ಗಡಿ ದಾಟಿದ್ರೆ ಇನ್ನೊಂದು ಕಾನೂನು, ಫೆಡರಲ್ದು ಅಂದ್ರೆ ಕೇಂದ್ರದ್ದು, ಶುರುವಾಗತ್ತೆ, ಅದರಲ್ಲಿ ಷರತ್ತುಗಳು ಸುಮಾರಿವೆ. "ನಾನು ಲಾ ಎನ್‌ಫೋರ್ಸ್‌ಮೆಂಟು" ಅನ್ನೋ ಒಂದೇ ಮಾತಲ್ಲಿ ಎರಡನ್ನೂ ಸೇರಿಸಿಬಿಟ್ರೆ ಅಲ್ಲೇ ಯಡವಟ್ಟಾಗೋದು. ಜೈಲು ಸಿಬ್ಬಂದಿ ಕೇಸು ನೋಡೋ ವಕೀಲರಿಗೆ ಈ ಪ್ರಶ್ನೆ ಹೊಸದಲ್ಲ, ಆದ್ರೆ ಉತ್ತರ ಒಬ್ಬೊಬ್ಬರಿಗೂ ಬೇರೆ ಬೇರೆ ಬರತ್ತೆ, ಯಾಕಂದ್ರೆ ಹುದ್ದೆ ಹೆಸರು ನೋಡಿ ಇಲ್ಲಿ ಏನೂ ತೀರ್ಮಾನ ಆಗಲ್ಲ. ನೋಡಬೇಕಾಗಿರೋದು ಎರಡು ವಿಷಯ: ಆ ಹುದ್ದೆಗೆ ಕಾನೂನು ಅರೆಸ್ಟ್ ಮಾಡೋ ಅಧಿಕಾರ ಕೊಟ್ಟಿದೆಯಾ, ಮತ್ತೆ ಇಲಾಖೆ ಅವನಿಗೆ ಗನ್ ಹಿಡಿಯೋಕೆ ಅನುಮತಿ ಕೊಟ್ಟಿದೆಯಾ.

ಮೊದ್ಲು ನಿಮ್ಮ ಊರಿನ ವಿಷ್ಯ. ಕ್ಯಾಲಿಫೋರ್ನಿಯಾ ಪೀನಲ್ ಕೋಡಿನ 830.5ನೇ ಸೆಕ್ಷನ್ ರಾಜ್ಯ ಜೈಲು ಇಲಾಖೆಯ ಕರೆಕ್ಷನಲ್ ಆಫೀಸರ್‌ಗಳನ್ನ ಪೀಸ್ ಆಫೀಸರ್ ಅಂತ ಕರೆಯತ್ತೆ. ಅಂದ್ರೆ ರಸ್ತೇಲಿ ಓಡಾಡೋ ಪೊಲೀಸರಷ್ಟು ಪೂರ್ತಿ ಅಧಿಕಾರ ಇಲ್ಲ, ತಮ್ಮ ಕೆಲಸಕ್ಕೆ ಸಂಬಂಧಪಟ್ಟಷ್ಟು ಮಾತ್ರ ಇದೆ. ಅದೇ ಸೆಕ್ಷನ್ನಿನ ಸಿ ಉಪವಿಭಾಗ ಡ್ಯೂಟಿ ಇಲ್ಲದಾಗ ಯಾರು ಗನ್ ಇಟ್ಕೋಬಹುದು ಅಂತ ಪಟ್ಟಿ ಮಾಡತ್ತೆ, ಆ ಪಟ್ಟೀಲಿ ಕರೆಕ್ಷನಲ್ ಆಫೀಸರ್ ಹೆಸರು ನೇರವಾಗೇ ಇದೆ. ಬೇರೆಯವರ ಥರ ಕೌಂಟಿ ಶೆರಿಫ್ ಹತ್ರ ಹೋಗಿ ಕನ್ಸೀಲ್ಡ್ ಕ್ಯಾರಿ, ಅಂದ್ರೆ ಗನ್ ಬಚ್ಚಿಟ್ಟು ಒಯ್ಯೋ, ಲೈಸೆನ್ಸಿಗೆ ಅರ್ಜಿ ಹಾಕೋ ಗೊಡವೆ ಅವನಿಗಿಲ್ಲ. ಹಾಗಾಗಿ ನಿಮ್ಮ ಮನೆ ಊಟದ ಟೇಬಲ್ ಮಟ್ಟಿಗೆ ಯಜಮಾನ್ರ ವಾದ ನಿಲ್ಲಲ್ಲ.

ಆದ್ರೆ ಅದೇ ಸೆಕ್ಷನ್ನಿನ ಮುಂದಿನ ಪ್ಯಾರಾನ ಹುಡುಗರು ಓದೇ ಇರಲ್ಲ. ಆಫ್ ಡ್ಯೂಟಿಲಿ ಗನ್ ಇಟ್ಕೊಳ್ಳೋರು ಮೂರು ತಿಂಗಳಿಗೊಮ್ಮೆ ರೇಂಜಿಗೆ ಹೋಗಿ ಆ ಗನ್ನಲ್ಲೇ ಗುರಿ ಹೊಡೆದು ಕ್ವಾಲಿಫೈ ಆಗ್ಬೇಕು, ಅದನ್ನ ನೆನಪಿಟ್ಕೊಳ್ಳೋ ಜವಾಬ್ದಾರಿ ಇಲಾಖೇದಲ್ಲ, ಆಫೀಸರ್‌ದೇ ಅಂತ ಕಾನೂನಲ್ಲೇ ಬರೆದಿದಾರೆ. ಒಂದು ಸಲ ತಪ್ಪಿಸಿದ್ರೆ ಆ ಹಕ್ಕನ್ನ ಅಮಾನತು ಮಾಡೋಕೋ ರದ್ದು ಮಾಡೋಕೋ ಅದೇ ಸಾಕಷ್ಟು ಕಾರಣ. ಓವರ್‌ಟೈಮ್ ಮೇಲೆ ಓವರ್‌ಟೈಮ್ ಬೀಳೋ ಕೆಲಸ ಇದು, ಹದಿನಾರು ಗಂಟೆ ಶಿಫ್ಟು ಮುಗಿಸಿ ಬಂದೋನು ರೇಂಜ್ ಡೇಟು ಮರೆಯೋದು ದೊಡ್ಡ ವಿಷ್ಯ ಏನಲ್ಲ, ಆದ್ರೆ ಮರೆತು ಗನ್ ಇಟ್ಕೊಂಡು ಓಡಾಡಿದ್ರೆ ಮಾತ್ರ ದೊಡ್ಡ ವಿಷ್ಯ. ಹಾಗಾಗಿ ಮುಂದಿನ ಸಲ ಊಟಕ್ಕೆ ಬಂದಾಗ ಕೇಳಿ, ಕೊನೇ ಕ್ವಾಲಿಫಿಕೇಶನ್ ಯಾವ ತಿಂಗಳಲ್ಲಾಯ್ತು, ಸೊಂಟದಲ್ಲಿರೋದು ಅದೇ ಗನ್ನಾ ಬೇರೇದಾ ಅಂತ.

ಇನ್ನೊಂದು, ಜೈಲಿನೋರಿಗೆಲ್ಲ ಸರ್ಕಾರ ಪಿಸ್ತೂಲ್ ಕೊಟ್ಟಿರತ್ತೆ ಅಂತ ಜನ ಅಂದ್ಕೊಂಡಿರ್ತಾರೆ. ಒಳಗಡೆ ಕೈದಿಗಳ ಮಧ್ಯೆ ಓಡಾಡೋ ಆಫೀಸರ್ ಹತ್ರ ಪೆಪ್ಪರ್ ಸ್ಪ್ರೇ ಇರತ್ತೆ, ಬ್ಯಾಟನ್ ಇರತ್ತೆ, ಗನ್ ಇರಲ್ಲ. ಇದ್ರೆ ಕಿತ್ಕೋತಾರೆ, ಅಷ್ಟೇ ಕಾರಣ. ಟವರ್ ಮೇಲೆ, ಕಂಟ್ರೋಲ್ ಬೂತಲ್ಲಿ ಇರೋರ ಹತ್ರ ಮಾತ್ರ ಮಿನಿ-14 ರೈಫಲ್ ಇರತ್ತೆ. ಅಂದ್ರೆ ಡ್ಯೂಟೀಲಿ ಖಾಲಿ ಸೊಂಟ, ಮನೆಗೆ ಹೋಗೋವಾಗ ಗನ್ನು. ನಮ್ಮೂರಿನ ಲೆಕ್ಕಕ್ಕೆ ಪೂರ್ತಿ ತಿರುಗುಮುರುಗು ಅನ್ಸತ್ತೆ, ಯಾಕಂದ್ರೆ ಭಾರತದಲ್ಲಿ 1959ರ ಆರ್ಮ್ಸ್ ಆಕ್ಟಿನ 45ನೇ ಸೆಕ್ಷನ್ ಸರ್ಕಾರಿ ನೌಕರನಿಗೆ ವಿನಾಯ್ತಿ ಕೊಡೋದು ಡ್ಯೂಟಿ ಮೇಲಿದ್ದಾಗ ಮಾತ್ರ, ಪರಪ್ಪನ ಅಗ್ರಹಾರದ ವಾರ್ಡರ್ ಒಬ್ರು ಶಿಫ್ಟ್ ಮುಗಿಸಿ ಬಸ್ ಹತ್ತಿದ್ರೆ ಅವರೂ ನಮ್ಮಂಗೇ, ಸ್ವಂತ ಲೈಸೆನ್ಸ್ ಇಲ್ಲದೆ ಏನೂ ಇಟ್ಕೊಳ್ಳಂಗಿಲ್ಲ. ಯಜಮಾನ್ರ ತಲೇಲಿರೋದು ಈ ಲೆಕ್ಕವೇ ಇರ್ಬೇಕು. ಆದ್ರೆ ನೀವು ಕೊಡಗಿನವರು, ನಿಮಗೆ ಇನ್ನೊಂದು ಲೆಕ್ಕಾನೂ ಗೊತ್ತಲ್ಲ. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯ್ತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ತು. ಅಲ್ಲಿ ಅರ್ಜಿ ಹಾಕಿ ಕಾರಣ ತೋರಿಸಿ ಲೈಸೆನ್ಸ್ ತಗೊಳ್ಳೋದಿಲ್ಲ, ಆ ಮನುಷ್ಯ ಯಾರು ಅನ್ನೋದಕ್ಕೇ ವಿನಾಯ್ತಿ. ಅಮೆರಿಕದ ಈ ಫೆಡರಲ್ ಕಾನೂನೂ ಅದೇ ಜಾತೀದು, ವ್ಯಕ್ತಿಯ ಸ್ಥಾನಕ್ಕೆ ಸಿಗೋ ವಿನಾಯ್ತಿ. ಕೊಡಗಲ್ಲಿ ಆ ಸ್ಥಾನ ಹುಟ್ಟಿನಿಂದಲೋ ಜಮ್ಮಾ ಜಮೀನಿನಿಂದಲೋ ಬರತ್ತೆ, ಇಲ್ಲಿ ನೌಕರಿಯಿಂದ ಬರತ್ತೆ.

ಈಗ ಆ ಫೆಡರಲ್ ಕಾನೂನಿಗೆ ಬರೋಣ. ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆಕ್ಟ್, ಎಲ್ಲರೂ ಲಿಯೋಸಾ ಅಂತಾರೆ. 2004ರ ಜುಲೈ 22ಕ್ಕೆ ಜಾರ್ಜ್ ಡಬ್ಲ್ಯೂ ಬುಶ್ ಸಹಿ ಹಾಕಿದ್ರು, 2010ರಲ್ಲಿ, ಮತ್ತೆ 2013ರಲ್ಲಿ ತಿದ್ದುಪಡಿ ಆಯ್ತು. ಕೆಲಸದಲ್ಲಿರೋರಿಗೆ ಸೆಕ್ಷನ್ 926ಬಿ, ಬಿಟ್ಟೋರಿಗೆ ಮತ್ತೆ ನಿವೃತ್ತರಿಗೆ 926ಸಿ. ಇದು ಹೇಳೋದು ಏನಂದ್ರೆ, ಅರ್ಹತೆ ಇರೋ ಆಫೀಸರ್ ತನ್ನ ಇಲಾಖೆಯ ಫೋಟೋ ಐಡಿ ಜೊತೆಗಿಟ್ಕೊಂಡಿದ್ರೆ, ಯಾವುದೇ ರಾಜ್ಯದ, ಊರಿನ ಕಾನೂನು ಏನೇ ಹೇಳ್ಲಿ, ಬಚ್ಚಿಟ್ಟು ಗನ್ ಒಯ್ಯಬಹುದು. "ಐವತ್ತು ಸ್ಟೇಟು" ಅನ್ನೋ ಮಾತು ಇಲ್ಲಿಂದಾನೇ ಬಂದಿರೋದು.

ಅರ್ಹತೆ ಯಾರಿಗೆ? ಸರ್ಕಾರಿ ಸಂಸ್ಥೆಯ ನೌಕರ ಆಗಿರ್ಬೇಕು. ಅಪರಾಧ ತಡೆಯೋದು, ಪತ್ತೆ ಮಾಡೋದು, ತನಿಖೆ ಮಾಡೋದು, ಪ್ರಾಸಿಕ್ಯೂಶನ್ ಮಾಡೋದು, ಇಲ್ಲಾ ಜನರನ್ನ ಸೆರೆಯಲ್ಲಿಡೋದು, ಇವುಗಳಲ್ಲಿ ಒಂದಾದ್ರೂ ಕಾನೂನು ಪ್ರಕಾರ ಅವನ ಕೆಲಸ ಆಗಿರ್ಬೇಕು. ಆ ಸೆರೆಯಲ್ಲಿಡೋದು ಅನ್ನೋ ಪದಕ್ಕಾಗೇ ಜೈಲಿನವರು ಈ ಕಾನೂನಿನ ಒಳಗೆ ಬರೋದು. ಇಲಾಖೆ ಅವನಿಗೆ ಗನ್ ಹಿಡಿಯೋಕೆ ಅನುಮತಿ ಕೊಟ್ಟಿರ್ಬೇಕು, ಅಧಿಕಾರ ಕಳ್ಕೊಳ್ಳುವಂಥ ಶಿಸ್ತು ಕ್ರಮ ಅವನ ಮೇಲೆ ನಡೀತಿರಬಾರ್ದು, ಇಲಾಖೆ ಇಟ್ಟಿರೋ ಗುರಿ ಪರೀಕ್ಷೆ ಪಾಸಾಗಿರ್ಬೇಕು, ನಶೇಲಿರಬಾರ್ದು, ಮತ್ತೆ ಫೆಡರಲ್ ಕಾನೂನು ಗನ್ ಮುಟ್ಟಬಾರ್ದು ಅಂತ ನಿಷೇಧಿಸಿರೋ ಪಟ್ಟೀಲಿ ಇರಬಾರ್ದು. ಹೆಂಡತಿ ಮೇಲೆ ಕೈ ಮಾಡಿದ್ದಕ್ಕೆ ಮಿಸ್‌ಡಿಮೀನರ್ ಅನ್ನೋ ಚಿಕ್ಕ ದರ್ಜೆ ಅಪರಾಧದ ಶಿಕ್ಷೆ ಆಗಿದ್ರೂ 1996ರ ತಿದ್ದುಪಡಿಯಿಂದ ಅವನು ಆ ಪಟ್ಟಿಗೆ ಸೇರ್ತಾನೆ, ಅದಕ್ಕೆ ಪೊಲೀಸು ಜೈಲು ಅನ್ನೋ ರಿಯಾಯ್ತಿ ಇಲ್ಲ.

ಇಷ್ಟೂ ಸರಿ, ಆದ್ರೆ ಜೈಲಿನವರ ಕೇಸುಗಳೆಲ್ಲ ಬಂದು ಸಿಕ್ಕಿಹಾಕ್ಕೊಳ್ಳೋದು ಇನ್ನೊಂದು ಷರತ್ತಿನ ಹತ್ರ: ಕಾನೂನು ಕೊಟ್ಟಿರೋ ಅರೆಸ್ಟ್ ಅಧಿಕಾರ ಇರ್ಬೇಕು. ರಸ್ತೆ ಪೊಲೀಸರಿಗೆ ಇದು ಪ್ರಶ್ನೆನೇ ಅಲ್ಲ. ಜೈಲಿನೊಳಗೆ ಇರೋ ಮನುಷ್ಯ ಈಗಾಗ್ಲೇ ಅರೆಸ್ಟ್ ಆಗಿರೋನು, ಅವನನ್ನ ಕಾಯೋನಿಗೆ ಅರೆಸ್ಟ್ ಅಧಿಕಾರ ಎಲ್ಲಿಂದ ಬಂತು ಅಂತ ಸರ್ಕಾರಿ ವಕೀಲರು ಕೇಳ್ತಾರೆ. ಇದು ಸರಿಯಾಗಿ ಚರ್ಚೆ ಆಗಿದ್ದು ವಾಷಿಂಗ್ಟನ್ ಡಿಸಿಯ ಡ್ಯೂಬೆರಿ ಕೇಸಲ್ಲಿ. ಡಿಸಿ ಜೈಲು ಇಲಾಖೇಲಿ ತಲಾ ಕನಿಷ್ಠ 16 ವರ್ಷ ಕೆಲಸ ಮಾಡಿ ನಿವೃತ್ತರಾದವರು ಲಿಯೋಸಾ ಪ್ರಕಾರ ಗನ್ ಇಟ್ಕೊಳ್ಳೋಕೆ ಹೋದ್ರು, ಇಲಾಖೆ "ನಿಮಗೆ ಅರೆಸ್ಟ್ ಅಧಿಕಾರ ಇರ್ಲಿಲ್ಲ" ಅಂದ್ಬಿಡ್ತು. ಅವರು ಕೋರ್ಟಿಗೆ ಹೋದ್ರು. ಡಿಸಿ ಕಾನೂನಲ್ಲಿ ಒಂದು ಮೂಲೇಲಿ, ಪರೋಲ್ ಷರತ್ತು ಮುರಿದೋನ ಮೇಲೆ ವಾರಂಟ್ ಹೊರಟ್ರೆ ಜೈಲು ಅಧಿಕಾರಿಯೂ ಅದನ್ನ ಜಾರಿ ಮಾಡಿ ಅವನನ್ನ ಹಿಡಿದು ತರಬಹುದು ಅಂತಿತ್ತು. ಇದು ಪೊಲೀಸರ ಅರೆಸ್ಟಿನಂಥದ್ದಲ್ಲ, ಇಷ್ಟು ಸಣ್ಣ ಅಧಿಕಾರ ಸಾಲದು ಅಂತ ಡಿಸಿ ವಾದ ಮಾಡ್ತು. ಮೇಲ್ಮನವಿ ಕೋರ್ಟು 2016ರಲ್ಲಿ, ಈ ಹಕ್ಕಿಗಾಗಿ ನೀವು ದಾವೆ ಹಾಕಬಹುದು ಅಂತ ಹೇಳಿ ಕೇಸನ್ನ ಕೆಳಗೆ ಕಳಿಸ್ತು, 2019ರಲ್ಲಿ ಅದು ಮತ್ತೆ ಮೇಲೆ ಬಂದಾಗ, ಕಾನೂನು ಅರೆಸ್ಟ್ ಅಧಿಕಾರ ಇರ್ಬೇಕು ಅಂತ ಅಷ್ಟೇ ಹೇಳಿದೆ, ಎಷ್ಟು ಅಗಲ ಇರ್ಬೇಕು ಅಂತ ಹೇಳಿಲ್ಲ, ಪರೋಲ್ ವಾರಂಟ್ ಜಾರಿ ಮಾಡೋ ಅಧಿಕಾರ ಸಾಕು ಅಂತ ಆ ನಿವೃತ್ತರ ಪರ ತೀರ್ಪು ಎತ್ತಿ ಹಿಡೀತು. ನಂಗೆ ಈ ತೀರ್ಪು ಸರಿ ಅನ್ಸತ್ತೆ. ಇಲ್ಲಿನ ಪಾರ್ಲಿಮೆಂಟು, ಅಂದ್ರೆ ಅಮೆರಿಕದ ಕಾಂಗ್ರೆಸ್ಸು, ಸೆರೆಯಲ್ಲಿಡೋ ಕೆಲಸ ಅಂತ ಕೈಯಾರೆ ಬರೆದ ಮೇಲೆ, ರಸ್ತೆ ಪೊಲೀಸರ ಅಧಿಕಾರ ಇರೋರಿಗೆ ಮಾತ್ರ ಅಂತ ಓದಿದ್ರೆ ಆ ಪದಕ್ಕೆ ಅಲ್ಲಿ ಕೆಲಸನೇ ಇರಲ್ಲ. ಆದ್ರೆ ಇದು ಡಿಸಿ ಸರ್ಕ್ಯೂಟಿನ, ಅಂದ್ರೆ ಆ ಪ್ರದೇಶದ ಫೆಡರಲ್ ಮೇಲ್ಮನವಿ ಕೋರ್ಟಿನ, ಮಾತು, ದೇಶಕ್ಕೆಲ್ಲ ಕಟ್ಟಿಹಾಕೋ ಸುಪ್ರೀಂ ಕೋರ್ಟ್ ತೀರ್ಪಲ್ಲ. ಹನ್ನೊಂದನೇ ಸರ್ಕ್ಯೂಟು 2019ರಲ್ಲಿ, ನಾಲ್ಕನೇದು 2020ರಲ್ಲಿ, ನಿವೃತ್ತರಿಗೆ ಐಡಿ ಕಾರ್ಡು ಕೊಡಿ ಅಂತ ಇಲಾಖೆನ ಒತ್ತಾಯ ಮಾಡೋ ಹಕ್ಕು ಈ ಕಾನೂನಲ್ಲಿ ಇಲ್ಲ ಅಂದ್ಬಿಟ್ಟಿವೆ.

ಹಾಗಾಗಿ ಒಂದೇ ಯೂನಿಫಾರ್ಮು ಒಂದೇ ಕೆಲಸ ಆದ್ರೂ ರಾಜ್ಯ ಬದಲಾದ ತಕ್ಷಣ ಉತ್ತರ ಬದಲಾಗತ್ತೆ. ನ್ಯೂಯಾರ್ಕಲ್ಲಿ ಕರೆಕ್ಷನ್ ಆಫೀಸರ್‌ಗಳು ಕ್ರಿಮಿನಲ್ ಪ್ರೊಸೀಜರ್ ಲಾ 2.10ರ ಪಟ್ಟೀಲಿರೋ ಪೀಸ್ ಆಫೀಸರ್‌ಗಳು. ಫ್ಲಾರಿಡಾದಲ್ಲಿ 790.052 ಅನ್ನೋ ಸೆಕ್ಷನ್ ಸರ್ಟಿಫಿಕೇಟ್ ಇರೋ ಕರೆಕ್ಷನಲ್ ಆಫೀಸರ್‌ಗೆ ಡ್ಯೂಟಿ ಇಲ್ಲದಾಗ್ಲೂ ಬಚ್ಚಿಟ್ಟು ಗನ್ ಇಟ್ಕೊಳ್ಳೋ ಹಕ್ಕು ಕೊಡತ್ತೆ, ಆದ್ರೆ ಮೇಲಧಿಕಾರಿಯ ವಿವೇಚನೆಗೆ ಒಳಪಟ್ಟು ಅಂತ ಒಂದು ಬಾಲ ಅಂಟಿಸಿದೆ. ಟೆಕ್ಸಾಸಲ್ಲಿ ಜೈಲು ಗಾರ್ಡಿಗೆ ವಿನಾಯ್ತಿ ಇರೋದು ನಿಜವಾಗ್ಲೂ ಡ್ಯೂಟಿ ಮಾಡ್ತಿರೋವಾಗ, ಅವನು ಅಲ್ಲಿ ಪೀಸ್ ಆಫೀಸರ್ ಅಲ್ಲ. ಹಾಗಂತ ಅವನಿಗೇನೂ ತೊಂದ್ರೆ ಇಲ್ಲ, 2021ರ ಸೆಪ್ಟೆಂಬರಿಂದ ಅಲ್ಲಿ 21 ದಾಟಿದ ಸಾಮಾನ್ಯ ಜನರಿಗೇ, ನಿಷೇಧದ ಪಟ್ಟೀಲಿ ಇಲ್ಲದಿದ್ರೆ, ಲೈಸೆನ್ಸ್ ಇಲ್ಲದೆ ಪಿಸ್ತೂಲ್ ಇಟ್ಕೊಳ್ಳೋಕೆ ಬಿಟ್ಟಿದಾರೆ, ಇಂಥ ರಾಜ್ಯಗಳು 2024ರ ಹೊತ್ತಿಗೆ 29 ಆದ್ವು. ಆದ್ರೆ ಆ ಟೆಕ್ಸಾಸ್ ಗಾರ್ಡು ಅದನ್ನ ಕಟ್ಕೊಂಡು ನ್ಯೂಯಾರ್ಕಿಗೆ ಹೋದ್ರೆ ಕಂಬಿ ಹೊರಗೆ ನಿಂತು ಕಾಯ್ತಿದ್ದೋನು ತಾನೇ ಕಂಬಿ ಒಳಗೆ ಸೇರಬಹುದು. ಖಾಸಗಿ ಕಂಪನಿಗಳು ನಡೆಸೋ ಜೈಲುಗಳಿವೆಯಲ್ಲ, ಅಲ್ಲಿನವರಿಗಂತೂ ಲಿಯೋಸಾ ಮೊದಲ ಮೆಟ್ಟಿಲಲ್ಲೇ ನಿಲ್ಲಿಸತ್ತೆ, ಸರ್ಕಾರಿ ಸಂಸ್ಥೆಯ ನೌಕರರೇ ಅಲ್ವಲ್ಲ ಅವರು.

ಕ್ಯಾಲಿಫೋರ್ನಿಯಾ ಒಳಗೇ ಇನ್ನೊಂದು ಕಂದಕ ಇದೆ ನೋಡಿ. ಪೀನಲ್ ಕೋಡ್ 831ರಲ್ಲಿ ಬರೋ ಕಸ್ಟೋಡಿಯಲ್ ಆಫೀಸರ್‌ಗಳು, ಅಂದ್ರೆ ಊರಿನ, ಕೌಂಟಿಯ ಲಾಕಪ್ಪು ಜೈಲುಗಳಲ್ಲಿ ಕೆಲಸ ಮಾಡೋ ಒಂದು ವರ್ಗ, ಅವರು ಪೀಸ್ ಆಫೀಸರ್ ಅಲ್ಲ ಅಂತ ಕಾನೂನೇ ಹೇಳತ್ತೆ, ಕೆಲಸ ಮಾಡೋವಾಗ್ಲೂ ಗನ್ ಇಟ್ಕೊಳ್ಳೋ ಹಕ್ಕಿಲ್ಲ. ನಿಮ್ಮ ಹುಡುಗನ ಫ್ರೆಂಡ್ ಯಾರಾದ್ರೂ ಅಂಥ ಕಡೆ ಇದ್ದು, ಇವನನ್ನ ನೋಡಿ ಅವನೂ ಶರ್ಟಿನ ಕೆಳಗೆ ಸಿಗಿಸ್ಕೊಂಡ್ರೆ ಕಥೆ ಬೇರೆ.

ಯಜಮಾನ್ರು ಇನ್ನೊಂದು ಕೇಳಬಹುದು, ಜೈಲಿನೋನಿಗೆ ಮನೆಗೆ ಹೋಗೋವಾಗ ಗನ್ ಯಾಕ್ರೀ ಬೇಕು ಅಂತ. ಲೆಫ್ಟಿನೆಂಟ್ ಒಸ್ವಾಲ್ಡೋ ಅಲ್ಬರಾಟಿ ಅಂತ ಒಬ್ರಿದ್ರು, ಪೋರ್ಟೋ ರಿಕೋದ ಗ್ವಾಯ್ನಾಬೋ ಫೆಡರಲ್ ಜೈಲಲ್ಲಿ ಕೆಲಸ, ಒಳಗೆ ಕಳ್ಳಸಾಗಣೆ ಆಗಿ ಬರ್ತಿದ್ದ ಮೊಬೈಲು ಇತ್ಯಾದಿ ಹಿಡೀತಿದ್ರು. 2013ರ ಫೆಬ್ರವರಿ 26ರ ರಾತ್ರಿ ಡ್ಯೂಟಿ ಮುಗಿಸಿ ಕಾರಲ್ಲಿ ಮನೆಗೆ ಹೋಗ್ತಿದ್ದಾಗ ದಾರೀಲೇ ಗುಂಡು ಹೊಡೆದು ಕೊಂದ್ರು. ಅದರ ಹಿಂದಿನ ದಿನ ಪೆನ್ಸಿಲ್ವೇನಿಯಾದ ಕೆನಾನ್ ಜೈಲೊಳಗೆ ಎರಿಕ್ ವಿಲಿಯಮ್ಸ್ ಅನ್ನೋ ಆಫೀಸರನ್ನ ಕೈದಿಯೊಬ್ಬ ಕೊಂದಿದ್ದ. ಮುಂದಿನ ತಿಂಗಳು ಕೊಲರಾಡೋದ ಜೈಲು ಇಲಾಖೆ ಮುಖ್ಯಸ್ಥ ಟಾಮ್ ಕ್ಲೆಮೆಂಟ್ಸ್ ಅವರನ್ನ ಪರೋಲ್ ಮೇಲೆ ಹೊರಗೆ ಬಂದವನೊಬ್ಬ ಅವರ ಮನೆ ಬಾಗಿಲಲ್ಲೇ ಹೊಡೆದ. ಅಲ್ಬರಾಟಿ ಹೆಸರಲ್ಲೇ ಒಂದು ಭಾಗ 2018ರ ಡಿಸೆಂಬರಲ್ಲಿ ಬಂದ ಫಸ್ಟ್ ಸ್ಟೆಪ್ ಆಕ್ಟಿಗೆ ಸೇರ್ತು. ಫೆಡರಲ್ ಜೈಲಿನವರು ಮನೆಯಿಂದ ಬರೋವಾಗ ಹೋಗೋವಾಗ ಗನ್ ಇಟ್ಕೊಂಡಿದ್ರೂ ಜೈಲಿನ ಆವರಣಕ್ಕೆ ತರೋ ಹಾಗಿರ್ಲಿಲ್ಲ, ಹಾಗಾಗಿ ಹಕ್ಕಿದ್ದೂ ಪ್ರಯೋಜನ ಇರ್ಲಿಲ್ಲ. ಆ ಭಾಗದ ಪ್ರಕಾರ ಸೆಕ್ಯೂರ್ ಬೇಲಿ ಹೊರಗೆ ಅವರ ಗನ್ ಇಡೋಕೆ ಲಾಕರ್ ಜಾಗ ಮಾಡ್ಬೇಕು, ಇಲ್ಲಾ ಕಾರಲ್ಲಿ ಒಪ್ಪಿಗೆ ಪಡೆದ ಲಾಕ್ ಪೆಟ್ಟಿಗೇಲಿ ಇಡೋಕೆ ಬಿಡ್ಬೇಕು. ಫಾಲ್ಸಮ್‌ನಂಥ ಊರಲ್ಲಿ, ಕೋಸ್ಟ್ಕೋಲಿ ಬಿಲ್ ಮಾಡಿಸೋ ಸಾಲಲ್ಲಿ, ಹಿಂದೆ ಒಳಗಿದ್ದೋನು ಎದುರಿಗೆ ಬಂದು "ಆಫೀಸರ್" ಅಂತ ನಗೋದು ಕಟ್ಟುಕಥೆ ಏನಲ್ಲ. ಹುಡುಗನ ಭಯಕ್ಕೆ ಬುಡ ಇದೆ ಅಂತ ಯಜಮಾನ್ರಿಗೆ ಹೇಳಿ.

ಇನ್ನು ಎಲ್ಲೆಲ್ಲಿ ಒಯ್ಯಂಗಿಲ್ಲ ಅನ್ನೋದು. ಲಿಯೋಸಾ ರಾಜ್ಯದ ಬಚ್ಚಿಟ್ಟು ಒಯ್ಯೋ ಕಾನೂನನ್ನ ಮಾತ್ರ ಪಕ್ಕಕ್ಕೆ ಸರಿಸತ್ತೆ, ಬೇರೇನೂ ಸರಿಸಲ್ಲ. ಖಾಸಗಿ ಜಾಗದವರು ಗನ್ ಬೇಡ ಅಂದ್ರೆ ಬೇಡ ಅನ್ನೋ ಥರದ ರಾಜ್ಯ ಕಾನೂನು, ಸರ್ಕಾರಿ ಕಟ್ಟಡ ಪಾರ್ಕುಗಳಲ್ಲಿ ಬೇಡ ಅನ್ನೋ ರಾಜ್ಯ ಕಾನೂನು, ಎರಡನ್ನೂ ಹಾಗೇ ಉಳಿಸಿದೆ. ದೇವಸ್ಥಾನದ ಟ್ರಸ್ಟು ಗೇಟಲ್ಲಿ ಬೋರ್ಡ್ ಹಾಕಿದ್ರೆ ಅವನು ಗೌರವದಿಂದ ಹೊರಗೇ ಬಿಟ್ಟು ಬರ್ಬೇಕು, ಟಾಹೋದಲ್ಲಿ ಸ್ಟೇಟ್‌ಲೈನ್, ಅಂದ್ರೆ ನೆವಾಡಾ ಗಡಿ, ದಾಟಿದ ತಕ್ಷಣ ಸಿಗೋ ಕ್ಯಾಸಿನೋಗಳ ವಿಷ್ಯಾನೂ ಅದೇ, ಹೋಗೋ ಮುಂಚೆ ಅವರ ನಿಯಮ ಕೇಳ್ಕೊಳ್ಳಿ. ಫೆಡರಲ್ ಕಾನೂನುಗಳಂತೂ ಇದರ ಮುಂದೆ ಬಗ್ಗೋದೇ ಇಲ್ಲ. ಪೋಸ್ಟ್ ಆಫೀಸು ಬೇಡ, ಸೋಶಿಯಲ್ ಸೆಕ್ಯೂರಿಟಿ ಆಫೀಸು ಬೇಡ, ಫೆಡರಲ್ ಕೋರ್ಟು ಬೇಡ.

ಜಾಸ್ತಿ ಜನ ಎಡವೋದು ಶಾಲೆ ಹತ್ರ. ಗನ್ ಫ್ರೀ ಸ್ಕೂಲ್ ಝೋನ್ಸ್ ಅನ್ನೋ ಫೆಡರಲ್ ಕಾನೂನು ಶಾಲೆಯಿಂದ 1000 ಅಡಿ ಒಳಗೆ ಗನ್ ನಿಷೇಧಿಸತ್ತೆ. ಪೊಲೀಸರಿಗೆ ಇರೋ ವಿನಾಯ್ತಿ ಅಧಿಕೃತ ಕರ್ತವ್ಯದಲ್ಲಿದ್ದಾಗ ಮಾತ್ರ, ಆ ರಾಜ್ಯದ ಲೈಸೆನ್ಸ್ ಇರೋರಿಗೆ ಬೇರೆ ವಿನಾಯ್ತಿ ಇದೆ, ಲಿಯೋಸಾ ಕಾರ್ಡು ಇವೆರಡೂ ಅಲ್ಲ ಅಂತ ಗನ್ ಕಾನೂನು ನೋಡ್ಕೊಳ್ಳೋ ಫೆಡರಲ್ ಏಜೆನ್ಸಿ ಎಟಿಎಫ್ ನಿಲುವು. ಇದಕ್ಕಾಗಿ ಯಾರನ್ನೂ ಹಿಡಿದು ಒಳಗೆ ಹಾಕ್ತಾರೆ ಅಂತ ಹೆದರಿಸ್ತಿಲ್ಲ, ಆದ್ರೆ ನಿಮ್ಮ ಕಡೆ ವೀಕೆಂಡ್ ಕನ್ನಡ ಕ್ಲಾಸು ಪಬ್ಲಿಕ್ ಸ್ಕೂಲಿನ ರೂಮುಗಳನ್ನ ಬಾಡಿಗೆಗೆ ತಗೊಂಡು ನಡೆಸ್ತಿದ್ರೆ, ಮಕ್ಕಳನ್ನ ಬಿಡೋಕೆ ಬರೋವಾಗ ಅವನು ಗನ್ ಮನೇಲಿಟ್ಟು ಬರೋದೇ ಸರಿ. ಭಾನುವಾರ ಶಾಲೆ ರಜಾ ಅನ್ನೋದು ಕಾನೂನಿಗೆ ಲೆಕ್ಕಕ್ಕಿಲ್ಲ.

ಈಗ ನೀವು ಕೇಳದೇ ಇರೋ ಆದ್ರೆ ನಾನು ಹೇಳಲೇಬೇಕಾದ ಎರಡು ವಿಷ್ಯ. ಕೊಡವರ ಮನೆ ಊಟ, ಪಂದಿಕರಿ ಕಡಂಬುಟ್ಟು ಜೊತೆ ಒಂದು ಪೆಗ್ ಇಲ್ದೇ ಇರಲ್ಲ. ಲಿಯೋಸಾ ನಶೇಲಿರಬಾರ್ದು ಅಂತ ಹೇಳತ್ತೆ, ಎಷ್ಟು ಅಂತ ಅಳತೆ ಕೊಟ್ಟಿಲ್ಲ, ಡ್ರೈವಿಂಗಿಗಿರೋ ಹಾಗೆ ರಕ್ತದಲ್ಲಿ ಆಲ್ಕೋಹಾಲ್ 0.08 ಅನ್ನೋ ಗೆರೆ ಇಲ್ಲಿಲ್ಲ. ಗೆರೆ ಇಲ್ಲ ಅಂದ್ರೆ ಆಮೇಲೆ ಜೂರಿ ಎಳೆದಿದ್ದೇ ಗೆರೆ. ಗನ್ ಇದ್ರೆ ಗ್ಲಾಸ್ ಬೇಡ, ಗ್ಲಾಸ್ ಬೇಕಂದ್ರೆ ಗನ್ ಲಾಕರಲ್ಲಿ.

ಎರಡನೇದು ಇನ್ನೂ ಗಂಭೀರ. ಇಂಥ ಊಟದಲ್ಲಿ ಯಾವನೋ ಒಬ್ಬ ಕಸಿನ್, ಬೆಂಗಳೂರಿಂದ ಎಚ್-1ಬಿ ಮೇಲೆ ಬಂದಿರೋನು, ಇಲ್ಲಾ ಎಫ್-1ಲ್ಲಿ ಓದ್ತಿರೋ ಹುಡುಗ, "ತೋರ್ಸೋ ಮಾರಾಯ, ಹೆಂಗಿದೆ ನೋಡೋಣ" ಅಂತ ಕೈ ಚಾಚ್ತಾನೆ, ಇವನು ಗುಂಡು ತುಂಬೋ ಮ್ಯಾಗಜೀನ್ ತೆಗೆದು ಗನ್ ಕೊಡ್ತಾನೆ, ಯಾರೋ ಫೋಟೋ ಹೊಡೀತಾರೆ, ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗತ್ತೆ. ಇಂಥ ನಾನ್ ಇಮಿಗ್ರಂಟ್, ಅಂದ್ರೆ ತಾತ್ಕಾಲಿಕ, ವೀಸಾ ಮೇಲಿರೋರು ಗನ್ ಹೊಂದೋದು, ಹಂಟಿಂಗ್ ಲೈಸೆನ್ಸ್ ಥರದ ಕೆಲವು ವಿನಾಯ್ತಿ ಬಿಟ್ರೆ, ಫೆಡರಲ್ ಅಪರಾಧ, 2022ರ ತಿದ್ದುಪಡಿ ನಂತರ ಅದಕ್ಕೆ 15 ವರ್ಷದ ತನಕ ಶಿಕ್ಷೆ ಇದೆ. ಒಂದು ನಿಮಿಷ ಕೈಯಲ್ಲಿ ಹಿಡಿದಿದ್ದಕ್ಕೆ ಕೇಸ್ ಆಗತ್ತೋ ಇಲ್ವೋ ಅದು ಬೇರೆ ಮಾತು, ಆದ್ರೆ ಗ್ರೀನ್ ಕಾರ್ಡಿನ ಸಾಲಲ್ಲಿ ವರ್ಷಗಟ್ಟಲೆ ನಿಂತಿರೋ ಮನುಷ್ಯ ಆ ಫೋಟೋನ ಒಂದಲ್ಲ ಒಂದಿನ ವಿವರಿಸಬೇಕಾಗಿ ಬಂದ್ರೆ? ವೀಸಾ ಇದೆ ಅಂತ ಗೊತ್ತಿದ್ದೂ ಕೊಟ್ಟಿದ್ದಕ್ಕೆ ಇವನ ಕೆಲಸಕ್ಕೂ ಕುತ್ತು. ಗ್ರೀನ್ ಕಾರ್ಡ್ ಆಗಿರೋರಿಗೆ ಈ ನಿಷೇಧ ಇಲ್ಲ. ಉಳಿದೋರು ನೋಡೋದಿದ್ರೆ ದೂರದಿಂದ ನೋಡ್ಲಿ.

ಮಕ್ಕಳ ವಿಷ್ಯಕ್ಕೆ ಹೆಚ್ಚು ಹೇಳಲ್ಲ: ಊಟಕ್ಕೆ ಕೂತ್ರೆ ಗನ್ ಅವನ ಮೈಮೇಲೇ ಇರ್ಬೇಕು, ಇಲ್ಲಾಂದ್ರೆ ಬೀಗ ಇರೋ ಡಬ್ಬೀಲಿ, ಸೋಫಾ ಸಂದೀಲೂ ಬೇಡ, ಫ್ರಿಜ್ ಮೇಲೂ ಬೇಡ. ಕಾರಲ್ಲಿ ಬಿಟ್ಟು ಬರ್ತೀನಿ ಅಂದ್ರೆ ಅದಕ್ಕೂ ನಿಯಮ ಇದೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 14 ಹತ್ರ ಒಬ್ಬ ಯುವತಿ ಗುಂಡು ತಗುಲಿ ಸತ್ಲಲ್ಲ, ಆ ಪಿಸ್ತೂಲ್ ಕೆಲವೇ ದಿನ ಮುಂಚೆ ಒಬ್ಬ ಫೆಡರಲ್ ರೇಂಜರ್ ಕಾರಿಂದ ಕಳುವಾಗಿದ್ದು. ಅದಾದ್ಮೇಲೆ 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾರ್ ಬಿಟ್ಟು ಹೋಗೋವಾಗ ಪಿಸ್ತೂಲನ್ನ ಡಿಕ್ಕೀಲಿ ಲಾಕ್ ಮಾಡಿಯೋ, ಬೀಗ ಹಾಕಿದ ಡಬ್ಬೀಲಿ ಕಣ್ಣಿಗೆ ಕಾಣದ ಹಾಗೋ ಇಡ್ಬೇಕು, ಇದು ಪೊಲೀಸರಿಗೂ ಅನ್ವಯ. ಗ್ಲೋವ್ ಬಾಕ್ಸು ನಡೆಯಲ್ಲ.

ಟಾಹೋ ಟ್ರಿಪ್ಪು ಸುಲಭ. ಸ್ಟೇಟ್‌ಲೈನ್ ಹತ್ರ ರಸ್ತೆ ದಾಟಿದ್ರೆ ನೆವಾಡಾ, 830.5 ಕ್ಯಾಲಿಫೋರ್ನಿಯಾದಲ್ಲೇ ಉಳಿಯತ್ತೆ, ಅಲ್ಲಿಂದ ಅವನನ್ನ ಕಾಯೋದು ಲಿಯೋಸಾ. ಕ್ಯಾಲಿಫೋರ್ನಿಯಾದ ರಾಜ್ಯ ಜೈಲು ಆಫೀಸರ್‌ಗಳು ಪೀಸ್ ಆಫೀಸರ್ ಆಗಿರೋದ್ರಿಂದ, ಪರೋಲ್ ಮುರಿದೋರನ್ನ, ತಪ್ಪಿಸ್ಕೊಂಡೋರನ್ನ ಹಿಡಿಯೋ ಅಧಿಕಾರ ಇರೋದ್ರಿಂದ, ಅವನು ಅರೆಸ್ಟ್ ಅಧಿಕಾರದ ಷರತ್ತು ದಾಟ್ತಾನೆ ಅಂತ ಧೈರ್ಯವಾಗೇ ಹೇಳ್ತೀನಿ. ಐಡಿ ಕಾರ್ಡು ಜೇಬಲ್ಲಿರ್ಲಿ, ಹೋಟೆಲ್ ರೂಮಲ್ಲಲ್ಲ. ಆ ಕಾರ್ಡಲ್ಲಿ ಪೊಲೀಸ್ ಆಫೀಸರ್ ಅಂತಲೋ ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ ಅಂತಲೋ ಗುರುತಿಸಿರ್ಬೇಕು ಅನ್ನೋದು 2013ರಿಂದ ಕಾನೂನಲ್ಲಿದೆ, ಬರೀ ಉದ್ಯೋಗಿ ಅಂತ ಇರೋ ಗೇಟ್ ಪಾಸು ಸಾಲಲ್ಲ. ಮತ್ತೆ ಅಲ್ಲಿ ಯಾವನೋ ಜಗಳ ಆಡ್ತಿದ್ದ ಅಂತ ಇವನು ಮಧ್ಯೆ ನುಗ್ಗಿ ಪೊಲೀಸ್‌ಗಿರಿ ಮಾಡೋಕೆ ಈ ಕಾನೂನು ಯಾವ ಅಧಿಕಾರಾನೂ ಕೊಡಲ್ಲ, ನೆವಾಡಾದಲ್ಲಿ ಅವನು ಗನ್ ಇರೋ ಒಬ್ಬ ಪ್ರವಾಸಿ ಅಷ್ಟೇ.

ನ್ಯೂಜೆರ್ಸಿಗೆ ಬಂದ್ರೆ ನಂಗೆ ಸ್ವಲ್ಪ ಅಳುಕು. ಕಾನೂನು ಅವನ ಕಡೆಗಿದೆ: ಮೂರನೇ ಸರ್ಕ್ಯೂಟು 2024ರ ಫೆಬ್ರವರೀಲಿ, ನಿವೃತ್ತ ಆಫೀಸರ್‌ಗಳು ನಮ್ಮ ಹತ್ರ ಬೇರೆ ಪರ್ಮಿಟ್ ತಗೋಬೇಕು ಅಂತಿದ್ದ ನ್ಯೂಜೆರ್ಸಿ ನಿಯಮ ಲಿಯೋಸಾ ಮುಂದೆ ನಡೆಯಲ್ಲ ಅಂತು, ಆ ರಾಜ್ಯ ನಿರ್ಬಂಧಿಸಿರೋ ಹಾಲೋ ಪಾಯಿಂಟ್ (ತುದಿ ಟೊಳ್ಳಾಗಿರೋ) ಗುಂಡುಗಳಿಗೂ ಅದೇ ಅಂತು, ಯಾಕಂದ್ರೆ 2010ರ ತಿದ್ದುಪಡಿ ಗನ್ ಅನ್ನೋದರಲ್ಲಿ ಗುಂಡನ್ನೂ ಸೇರಿಸಿದೆ. ಆದ್ರೆ ಮ್ಯಾಗಜೀನ್ ಬಗ್ಗೆ ಆ ಕಾನೂನಲ್ಲಿ ಒಂದಕ್ಷರ ಇಲ್ಲ, ನ್ಯೂಜೆರ್ಸೀಲಿ 10 ಗುಂಡಿನ ಮಿತಿ ಇದೆ, ಹಾಗಾಗಿ ದೊಡ್ಡ ಮ್ಯಾಗಜೀನ್ ಒಯ್ಯಲೇಬಾರ್ದು. ವಿಮಾನದ ಕ್ಯಾಬಿನ್ನೊಳಗೆ ಗನ್ ಲಿಯೋಸಾ ಕೆಳಗೆ ಬರೋದೇ ಇಲ್ಲ, ಅದಕ್ಕೆ ಡ್ಯೂಟಿ ಕಾರಣ, ತರಬೇತಿ, ಇಲಾಖೆಯಿಂದ ಮುಂಚಿತ ಮೆಸೇಜು ಎಲ್ಲ ಬೇಕು, ಮದುವೆಗೆ ಹೋಗೋನಿಗೆ ಯಾರೂ ಕೊಡಲ್ಲ. ಗುಂಡು ತೆಗೆದು, ಗಟ್ಟಿ ಪೆಟ್ಟಿಗೇಲಿ ಬೀಗ ಹಾಕಿ, ಏರ್‌ಲೈನ್ ಕೌಂಟರಲ್ಲಿ ಬಾಯಿಬಿಟ್ಟು ಹೇಳಿ ಚೆಕ್ ಇನ್ ಮಾಡ್ಬೇಕು. ಕೀ ಅವನ ಹತ್ರಾನೇ ಇರ್ಬೇಕು.

ನ್ಯೂಅರ್ಕ್ ಏರ್‌ಪೋರ್ಟ್ ಗನ್ ವಿಷಯದಲ್ಲಿ ಕುಖ್ಯಾತ. 2005ರಲ್ಲಿ ಯೂಟಾದ ಒಬ್ಬ ಸಾಮಾನ್ಯ ಪ್ರಯಾಣಿಕ ಕನೆಕ್ಟಿಂಗ್ ಫ್ಲೈಟ್ ತಪ್ಪಿ, ಬ್ಯಾಗ್ ವಾಪಸ್ ತಗೊಂಡು ಹೋಟೆಲಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಕೌಂಟರಿಗೆ ಬಂದು ತಾನೇ ಗನ್ ಇದೆ ಅಂತ ಹೇಳಿದ್ದಕ್ಕೆ ಅರೆಸ್ಟ್ ಮಾಡಿದ್ರು, ಆಮೇಲೆ ಅವನು ಹಾಕಿದ ದಾವೆನೂ 2010ರಲ್ಲಿ ಸೋತ. ಅವನಿಗೆ ಲಿಯೋಸಾ ಇರ್ಲಿಲ್ಲ, ಸಾಮಾನ್ಯರಿಗಿರೋ ಸಾಗಾಟದ ರಕ್ಷಣೆ ಮಾತ್ರ ಇತ್ತು. ನಿಮ್ಮ ಹುಡುಗನ ಸ್ಥಿತಿ ಅದಕ್ಕಿಂತ ಎಷ್ಟೋ ವಾಸಿ, ಆದ್ರೆ ಅಲ್ಲಿ ಪರ್ಮಿಟ್ ಇಲ್ಲದ ಪಿಸ್ತೂಲಿಗೆ 5ರಿಂದ 10 ವರ್ಷದ ಕೇಸು, ಕೌಂಟರಲ್ಲಿ ನಿಂತಿರೋ ಪೊಲೀಸಪ್ಪಂಗೆ "ಜೈಲಿನೋರು ಪೊಲೀಸ್ ಹೆಂಗಾಗ್ತಾರೆ" ಅನ್ನೋ ನಿಮ್ಮ ಯಜಮಾನ್ರ ಪ್ರಶ್ನೆನೇ ತಲೇಗೆ ಬಂದ್ರೆ, ಲಿಯೋಸಾ ಕೆಲಸಕ್ಕೆ ಬರೋದು ಆಮೇಲೆ, ವಕೀಲರು ಬಂದ್ಮೇಲೆ, ಜಡ್ಜ್ ಮುಂದೆ. ಮದುವೆ ಮುಹೂರ್ತ ಅಷ್ಟರಲ್ಲಿ ಮುಗಿದಿರತ್ತೆ.

ಕೊನೇದಾಗಿ ಇಲಾಖೆ. ಯಾವ ಕೋರ್ಟೂ ಏನೂ ಮಾಡದಿದ್ರೂ ಇಲಾಖೆಯ ಆಫ್ ಡ್ಯೂಟಿ ಪಾಲಿಸಿ ಮುರಿದ್ರೆ ಕೆಲಸಕ್ಕೆ ತೊಂದ್ರೆ, ಅವನು ಹೊಸಬ ಬೇರೆ. ಶಿಸ್ತು ಕ್ರಮ ಶುರುವಾದ್ರೆ ಲಿಯೋಸಾದ ಅರ್ಹತೆನೂ ಅದರ ಜೊತೆಗೇ ನಿಲ್ಲಬಹುದು. ಹಾಗಾಗಿ ಫ್ಲೈಟ್ ಬುಕ್ ಮಾಡೋ ಮುಂಚೆ ತನ್ನ ಸೂಪರ್‌ವೈಸರ್ ಹತ್ರ ರಾಜ್ಯದ ಹೊರಗೆ ಒಯ್ಯೋದರ ಬಗ್ಗೆ ಪಾಲಿಸಿ ಏನಿದೆ ಅಂತ ಈಮೇಲಲ್ಲಿ ಕೇಳಿ, ಉತ್ತರಾನೂ ಈಮೇಲಲ್ಲೇ ತಗೊಳ್ಳಲಿ, ಬಾಯಿ ಮಾತಲ್ಲಿ "ಹೋಗ್ ಹೋಗು ಏನಾಗಲ್ಲ" ಅಂದಿದ್ದು ಲೆಕ್ಕಕ್ಕಿಲ್ಲ. ನನ್ನನ್ನ ಕೇಳಿದ್ರೆ ಟಾಹೋಗೆ ಒಯ್ಯಲಿ, ನ್ಯೂಜೆರ್ಸಿಗೆ ಬೇಡ. ನಾಲ್ಕು ದಿನದ ಮದುವೆ, ಹಾಲ್ ತುಂಬ ನೆಂಟರು, ಡ್ಯಾನ್ಸ್ ಮಾಡೋವಾಗ ಶೇರ್ವಾನಿ ಕೆಳಗೆ ಹೋಲ್‌ಸ್ಟರ್ ಕಂಡ್ರೆ ಯಾರೋ 911ಗೆ ಫೋನ್ ಮಾಡ್ತಾರೆ.